ಫಿಜಿಯ ಹಳ್ಳಿಗೆ ಹೋಗುವ ಕ್ರಮ: ತವೆಯುನಿ ದ್ವೀಪದ ಪೂರ್ವ ದಂಡೆಗೆ ಸಮಗ್ರ ಮಾರ್ಗದರ್ಶಿ

ಫಿಜಿಗೆ ಹೋಗಿಬಂದ ನಮ್ಮವರ ದೂರುಗಳು ಹೆಚ್ಚುಕಮ್ಮಿ ಒಂದೇ ಥರ. ‘ಹಳ್ಳಿ ನೋಡೋಣ ಅಂತ ಹೋದೆವು, ಯಾರೂ ಸರಿಯಾಗಿ ಮಾತಾಡಿಸಲಿಲ್ಲ.’ ‘ಭಾನುವಾರ ತಲುಪಿದೆವು, ಅಂಗಡಿ ಇಲ್ಲ, ಬಸ್ ಇಲ್ಲ.’ ‘ಊಟಕ್ಕೆ ಬರೀ ಮೀನು.’ ‘ಮಳೆಗೆ ಚಿಕ್ಕ ವಿಮಾನ ರದ್ದಾಗಿ ದೊಡ್ಡ ವಿಮಾನವೂ ತಪ್ಪಿತು.’ ಇದರಲ್ಲಿ ಯಾವುದೂ ಗ್ರಹಚಾರವಲ್ಲ. ಆಮೇಲೆ ಮಾಡಬೇಕಾದ್ದನ್ನು ಮೊದಲು ಮಾಡಿದ್ದರ ಫಲ.

ಒಂದು ಮಾತು ತಲೆಯಲ್ಲಿರಲಿ. ಫಿಜಿಯ ಸುಮಾರು 87% ಜಮೀನು ಅಲ್ಲಿನ ಮೂಲನಿವಾಸಿ ಕುಲಗಳದ್ದು. ಸಮುದ್ರ ದಂಡೆ, ಹವಳದ ದಿಬ್ಬ, ಹೊಳೆ, ಜಲಪಾತ ಎಲ್ಲದಕ್ಕೂ ಹಕ್ಕುದಾರರಿದ್ದಾರೆ. ‘ಬೀಚು ತಾನೇ, ಯಾರಪ್ಪನದು’ ಅಂತ ಇಳಿದುಬಿಡುವ ಹಾಗಿಲ್ಲ. ಕೇಳಿ ಹೋದವರಿಗೆ ಇಡೀ ಹಳ್ಳಿ ತೆರೆದಿರುತ್ತದೆ. ಕೇಳದೆ ಹೋದವರಿಗೆ ರಸ್ತೆ ಮಾತ್ರ.

ಇಲ್ಲಿ ಉದಾಹರಣೆಗೆ ತವೆಯುನಿ ದ್ವೀಪದ ಪೂರ್ವ ದಂಡೆಯನ್ನು ಇಟ್ಟುಕೊಂಡಿದ್ದೇನೆ. ಬೌಮಾ ಕಡೆಯ ವೈತಾಬು, ವಿದಾವಾ, ಕೊರೊವೌ, ಕೊನೆಗೆ ರಸ್ತೆ ಮುಗಿಯುವ ಲವೇನಾ. ದೊಡ್ಡ ರೆಸಾರ್ಟುಗಳ ಗದ್ದಲ ಇಲ್ಲ. ಕಾಡು, ಹೊಳೆ, ಸಮುದ್ರ ಒತ್ತೊತ್ತಿಗೆ ಇವೆ. ಬೇರೆ ದ್ವೀಪದ ಹಳ್ಳಿಗೆ ಹೋಗುವವರಿಗೂ ಕ್ರಮ ಬಹುತೇಕ ಇದೇ.

ಹಂತ 1: ತಿಂಗಳು ಮತ್ತು ವಾರ ಆರಿಸಿಕೊಳ್ಳಿ

ಮೇಯಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ, ಸೆಕೆಯೂ ಕಡಿಮೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಮತ್ತು ಚಂಡಮಾರುತದ ಕಾಲ. 2016ರ ಫೆಬ್ರವರಿಯ ವಿನ್‌ಸ್ಟನ್, 2020ರ ಡಿಸೆಂಬರ್‌ನ ಯಾಸಾ ಎರಡೂ ಈ ಅವಧಿಯಲ್ಲೇ ಬಂದವು. ಮಕ್ಕಳಿಗೆ ರಜೆ ಇದೆ ಅಂತ ಕ್ರಿಸ್‌ಮಸ್ ಹೊತ್ತಿಗೆ ಹೊರಡುವವರು, ಮುಖ್ಯವಾಗಿ ಸಿಡ್ನಿ, ಮೆಲ್ಬರ್ನ್, ಆಕ್ಲೆಂಡ್‌ನಲ್ಲಿರುವ ನಮ್ಮವರು, ಇದನ್ನು ಗಮನಿಸಿ. ಮಳೆಗಾಲದ ಅಗ್ಗದ ಟಿಕೆಟ್ ಸುಮ್ನೆ ಅಗ್ಗವಾಗಿರುವುದಿಲ್ಲ.

ಒಣಕಾಲ, ಮಳೆಗಾಲ ಎಂಬ ಈ ಲೆಕ್ಕ ತವೆಯುನಿಯ ಪೂರ್ವಕ್ಕೆ ಪೂರ್ತಿ ಹೊಂದುವುದಿಲ್ಲ. ಆಗ್ನೇಯದಿಂದ ಬೀಸುವ ಗಾಳಿ ನೇರ ಈ ದಂಡೆಗೇ ಬಡಿಯುತ್ತದೆ, ಹಿಂದೆ ಎತ್ತರದ ಬೆಟ್ಟದ ಸಾಲು. ಹಾಗಾಗಿ ಜುಲೈನಲ್ಲೂ ಮಳೆ ಸುರಿಯುತ್ತದೆ. ಯಾವ ತಿಂಗಳಾದರೂ ರೇನ್‌ಕೋಟ್ ಬೇಕೇ ಬೇಕು.

ತಿಂಗಳಿಗಿಂತ ಹೆಚ್ಚು ಜನ ಎಡವುವುದು ವಾರದ ವಿಷಯದಲ್ಲಿ. ಹಳ್ಳಿಗಳಲ್ಲಿ ಭಾನುವಾರ ಚರ್ಚು, ಊಟ, ವಿಶ್ರಾಂತಿ ಅಷ್ಟೇ. ಈಜು, ಆಟ, ಗಲಾಟೆ ಯಾವುದನ್ನೂ ಇಷ್ಟಪಡುವುದಿಲ್ಲ. ಅಂಗಡಿ ಮುಚ್ಚಿರುತ್ತದೆ, ಬಸ್ಸನ್ನು ನಂಬುವ ಹಾಗಿಲ್ಲ. ಸೋಮವಾರ ಅಥವಾ ಮಂಗಳವಾರ ಹಳ್ಳಿ ತಲುಪಿ, ಶುಕ್ರವಾರದೊಳಗೆ ಹೊರಡುವ ಹಾಗೆ ಲೆಕ್ಕ ಹಾಕಿ. ನಡುವೆ ಭಾನುವಾರ ಬಂದರೆ ಅವರ ಜೊತೆ ಚರ್ಚಿಗೆ ಹೋಗಿ ಕೂತುಕೊಳ್ಳಿ. ಹಾಡು ಕೇಳೋದಕ್ಕೇ ಹೋಗಬಹುದು, ಅಷ್ಟು ಚೆನ್ನಾಗಿ ಹಾಡುತ್ತಾರೆ.

ಹಳ್ಳಿಯಲ್ಲಿ ಕನಿಷ್ಠ ಎರಡು ರಾತ್ರಿ ಇರಿ. ಬೆಳಿಗ್ಗೆ ಹೋಗಿ ಸಂಜೆ ಬರೋದಾದರೆ ಜಲಪಾತ ನೋಡಿ ಬನ್ನಿ, ಹಳ್ಳಿಯ ಮಾತು ಬಿಡಿ.

ಹಂತ 2: ಪಾಸ್‌ಪೋರ್ಟ್ ಮತ್ತು ದಾರಿ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಫಿಜಿಗೆ ಮೊದಲೇ ವೀಸಾ ಬೇಕಾಗಿಲ್ಲ, ಇಳಿದ ಮೇಲೆ ಪ್ರವಾಸಿ ಪರವಾನಗಿ ಕೊಡುತ್ತಾರೆ. ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಚಾಲ್ತಿಯಲ್ಲಿರಬೇಕು. ವಾಪಸ್ ಟಿಕೆಟ್ ಮತ್ತು ಖರ್ಚಿಗೆ ದುಡ್ಡಿರುವ ದಾಖಲೆ ಕೈಯಲ್ಲಿರಲಿ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಕೊಳ್ಳುವ ಮುಂಚೆ ಫಿಜಿಯ ವಲಸೆ ಇಲಾಖೆಯ ಪುಟದಲ್ಲಿ ಒಮ್ಮೆ ನೋಡಿ.

ನಿಜವಾದ ಗುಂಡಿ ಇರುವುದು ದಾರಿಯಲ್ಲಿ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡ್ ಮೂಲಕ ಹೋದರೆ, ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಭಾರತೀಯರಿಗೆ ಟ್ರಾನ್ಸಿಟ್ ವೀಸಾ ಬೇಕು. ಫಿಜಿಗೆ ವೀಸಾ ಬೇಡ ಅಂತ ಖುಷಿಯಲ್ಲಿ ಸಿಡ್ನಿ ಮಾರ್ಗದ ಟಿಕೆಟ್ ಕೊಂಡವರನ್ನು ಚೆಕ್-ಇನ್ ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ. ಸಿಂಗಾಪುರ ಮೂಲಕ, ಒಂದೇ ಟಿಕೆಟ್‌ನಲ್ಲಿ ಹೋಗುವುದು ಸಲೀಸು.

ಇಳಿಯುವುದು ವಿಟಿ ಲೆವು ದ್ವೀಪದ ಪಶ್ಚಿಮದಲ್ಲಿರುವ ನಾಂದಿಯಲ್ಲಿ. ನಕ್ಷೆಯಲ್ಲಿ ‘ನದಿ’ ಅಂತ ಓದಿಸಿಕೊಳ್ಳುವುದು ಈ ಊರೇ. ಅಲ್ಲಿಂದ ತವೆಯುನಿಯ ಉತ್ತರ ತುದಿಯ ಮತೇಯಿಗೆ ಚಿಕ್ಕ ವಿಮಾನ, ಒಂದು ಗಂಟೆ ಚಿಲ್ಲರೆ. ಲಗೇಜಿನ ಮಿತಿ ದೊಡ್ಡ ವಿಮಾನಕ್ಕಿಂತ ತುಂಬಾ ಕಡಿಮೆ, ಟಿಕೆಟ್‌ನಲ್ಲಿ ಬರೆದಿರುವ ತೂಕ ನೋಡಿಕೊಂಡೇ ಪ್ಯಾಕ್ ಮಾಡಿ. ರಾಜಧಾನಿ ಸುವಾದಿಂದ ಸವುಸವು ಎಂಬ ಊರಿನ ಮೂಲಕ ಬರುವ ಹಡಗೂ ಇದೆ. ದುಡ್ಡು ಉಳಿಯುತ್ತದೆ, ಆದರೆ ರಾತ್ರಿಯಿಡೀ ಪ್ರಯಾಣ, ಸಮಯ ಹೆಚ್ಚುಕಮ್ಮಿ ಆಗುತ್ತದೆ. ವಾಂತಿ ಆಗುವವರಿಗೆ, ವಯಸ್ಸಾದವರಿಗೆ ಬೇಡ.

ಹಂತ 3: ಬ್ಯಾಗಿನಲ್ಲಿ ಏನಿರಬೇಕು, ಏನಿರಬಾರದು

ನಮ್ಮ ಮನೆಗಳಲ್ಲಿ ಹೊರಡುವ ಹಿಂದಿನ ರಾತ್ರಿ ಚಟ್ನಿಪುಡಿ, ಉಪ್ಪಿನಕಾಯಿ, ತುಪ್ಪ, ಕರಿಬೇವು ಎಲ್ಲ ಬ್ಯಾಗ್ ಸೇರುತ್ತವೆ ಅಲ್ವಾ? ಫಿಜಿಯ ಜೈವಿಕ ಸುರಕ್ಷತಾ ತಪಾಸಣೆ ಬಿಗಿ. ಹಸಿ ಸೊಪ್ಪು, ಹಣ್ಣು, ಬೀಜ, ಜೇನುತುಪ್ಪ, ಹಾಲಿನ ಪದಾರ್ಥ, ಮಾಂಸ ತರಲೇಬೇಡಿ. ಉಳಿದ ತಿಂಡಿ ಏನೇ ಇದ್ದರೂ ಇಳಿಯುವಾಗ ತುಂಬುವ ಅರ್ಜಿಯಲ್ಲಿ ‘ಇದೆ’ ಅಂತ ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ಆ ಪೊಟ್ಟಣ ಹೋಗುತ್ತದೆ. ಬರೆಯದೆ ಸಿಕ್ಕಿಬಿದ್ದರೆ ದಂಡ. ಟ್ರೆಕ್ಕಿಂಗ್ ಶೂಗಳ ಮಣ್ಣು ತೊಳೆದು ಒಣಗಿಸಿಕೊಂಡು ಹೋಗಿ.

ಅಷ್ಟಕ್ಕೂ ಹೊತ್ತುಕೊಂಡು ಹೋಗುವ ಅಗತ್ಯವೇ ಇಲ್ಲ. ನಾಂದಿಯ ಮಾರುಕಟ್ಟೆಯಲ್ಲಿ, ಅಂಗಡಿಗಳಲ್ಲಿ ಬೇಳೆ, ಹಿಟ್ಟು, ಮಸಾಲೆ, ಹಸಿಮೆಣಸಿನಕಾಯಿ ಎಲ್ಲ ಸಿಗುತ್ತದೆ. ಫಿಜಿಯಲ್ಲಿ ಭಾರತ ಮೂಲದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ಫಿಜಿ ಹಿಂದಿ ಸ್ವಲ್ಪ ಹೊತ್ತಲ್ಲೇ ನಿಮ್ಮ ಕಿವಿಗೆ ಹತ್ತುತ್ತದೆ.

ಬೇಕಾಗುವ ಸಾಮಾನು:

- ಸುಲು, ಅಂದರೆ ಗಂಡಸರು ಹೆಂಗಸರು ಇಬ್ಬರೂ ಉಡುವ ಪಂಚೆಯಂಥ ಬಟ್ಟೆ. ನಿಮ್ಮ ಮನೆಯ ಲುಂಗಿಯೂ ನಡೆಯುತ್ತದೆ. ಮಂಡಿ ಮುಚ್ಚಬೇಕು, ಅಷ್ಟೇ.
- ಭುಜ ಮುಚ್ಚುವ ಅಂಗಿಗಳು. ಈಜಲು ಬೇರೆ ಟೀ ಶರ್ಟು, ಚಡ್ಡಿ.
- ನೀರಿನಲ್ಲಿ ಹಾಕಿಕೊಂಡು ನಡೆಯಬಹುದಾದ, ಹಿಡಿತ ಇರುವ ಚಪ್ಪಲಿ. ಹವಾಯಿ ಚಪ್ಪಲಿ ಸಾಲದು.
- ಫೋನು, ದುಡ್ಡು ಇಡಲು ನೀರು ಹೋಗದ ಚೀಲ.
- ಟಾರ್ಚು, ಪವರ್ ಬ್ಯಾಂಕು, ಆಸ್ಟ್ರೇಲಿಯಾ ಮಾದರಿಯ ಓರೆ ಪಿನ್ನಿನ ಅಡಾಪ್ಟರ್. ವೋಲ್ಟೇಜ್ 240, ನಮ್ಮ ಚಾರ್ಜರು ಸಾಕು.
- ಸೊಳ್ಳೆಗೆ ಹಚ್ಚುವ ಮುಲಾಮು. ಮಲೇರಿಯಾ ಫಿಜಿಯಲ್ಲಿಲ್ಲ, ಡೆಂಗಿ ಇದೆ.
- ಓಆರ್‌ಎಸ್, ಗಾಯಕ್ಕೆ ಹಚ್ಚುವ ಆಂಟಿಸೆಪ್ಟಿಕ್, ನಿಮ್ಮ ದಿನದ ಮಾತ್ರೆಗಳು ಮೂರ್ನಾಲ್ಕು ದಿನ ಜಾಸ್ತಿಯೇ.

ಹವಳಕ್ಕೆ ಕಾಲು ತರಚಿದರೆ ಆ ಸೆಕೆಯಲ್ಲಿ ಬೇಗ ಕೀವಾಗುತ್ತದೆ. ‘ಚಿಕ್ಕ ಗೀರು’ ಅಂತ ಬಿಡಬೇಡಿ, ಅವತ್ತೇ ಸೋಪಿನಲ್ಲಿ ತೊಳೆದು ಔಷಧಿ ಹಚ್ಚಿ. ದ್ವೀಪದ ಆಸ್ಪತ್ರೆ ಇರುವುದು ಪಶ್ಚಿಮ ದಂಡೆಯ ವೈಯೆವೊದಲ್ಲಿ, ಅದೂ ಚಿಕ್ಕದು. ಇಂಥ ಕಡೆ ವಿಮಾನದಲ್ಲಿ ಸಾಗಿಸುವ ಖರ್ಚೂ ಸೇರಿದ ಪ್ರಯಾಣ ವಿಮೆ ಮಾಡಿಸದೆ ಹೋಗುವುದು ಹುಚ್ಚುತನ.

ಹಂತ 4: ಹಳ್ಳಿಗೆ ಮೊದಲೇ ಹೇಳಿ ಕಳಿಸಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. ಪ್ರತಿ ಹಳ್ಳಿಗೂ ಒಬ್ಬ ತುರಂಗ ನಿ ಕೊರೊ ಇರುತ್ತಾರೆ, ಊರಿನ ಆಡಳಿತ ನೋಡಿಕೊಳ್ಳುವ ಮುಖ್ಯಸ್ಥ. ಕುಲದ ನಾಯಕ ಬೇರೆ, ಇವರು ಬೇರೆ. ಹೊರಗಿನವರು ಬರುವ ಸುದ್ದಿ ಇವರ ಕಿವಿಗೆ ಮೊದಲು ಬೀಳಬೇಕು.

ಹೇಗೆ ಬೀಳಿಸುವುದು? ಲವೇನಾದಲ್ಲಿ ಹಳ್ಳಿಯವರೇ ನಡೆಸುವ ಲಾಡ್ಜ್ ಇದೆ, ಅಲ್ಲಿ ಕೋಣೆ ಕೇಳಿದರೆ ಸುದ್ದಿ ತಾನಾಗಿಯೇ ಮುಟ್ಟುತ್ತದೆ. ಮನೆಯಲ್ಲೇ ಉಳಿಯಬೇಕೆಂದರೆ, ಮತೇಯಿಯಲ್ಲಿ ಮೊದಲ ರಾತ್ರಿ ಉಳಿಯುವ ಅತಿಥಿಗೃಹದವರಿಗೆ ಹೇಳಿ. ಅವರಿಗೆ ಆ ಕಡೆ ನೆಂಟರೋ ಪರಿಚಯದವರೋ ಇದ್ದೇ ಇರುತ್ತಾರೆ. ಮತೇಯಿಗೆ ಬಂದು ಕೇಳುವ ಬದಲು ಎರಡು ವಾರ ಮೊದಲೇ ಫೋನ್ ಮಾಡಿ. ಫಿಜಿ ನಮಗಿಂತ ಆರೂವರೆ ಗಂಟೆ ಮುಂದಿದೆ. ಇಲ್ಲಿ ಬೆಳಿಗ್ಗೆ 6 ಆದಾಗ ಅಲ್ಲಿ ಮಧ್ಯಾಹ್ನ 12:30. ಕಾಫಿ ಕುಡಿಯುತ್ತಾ ಮಾಡಿದರೆ ಸರಿಯಾಗುತ್ತದೆ.

ಫೋನಿನಲ್ಲಿ ಇಷ್ಟು ಕೇಳಿ: ಎಷ್ಟು ಜನ ಬರುತ್ತೇವೆ, ಎಷ್ಟು ರಾತ್ರಿ, ಮಲಗುವ ಜಾಗ ಹೇಗಿದೆ, ದಿನಕ್ಕೆ ಎಷ್ಟು ಕೊಡಬೇಕು, ಊಟ ಅದರಲ್ಲಿ ಸೇರಿದೆಯೇ, ಆ ವಾರ ಊರಲ್ಲಿ ಏನಾದರೂ ಕಾರ್ಯ ಇದೆಯೇ. ದುಡ್ಡಿನ ವಿಷಯ ಕೇಳಲು ನಮ್ಮವರು ಸಂಕೋಚಪಡುತ್ತಾರೆ. ಅವರು ಇನ್ನೂ ಜಾಸ್ತಿ ಸಂಕೋಚದವರು. ಮೊದಲೇ ಮಾತಾಡದಿದ್ದರೆ ಹೊರಡುವ ದಿನ ಇಬ್ಬರಿಗೂ ಮುಜುಗರ.

ಎಚ್ಚರಿಕೆ: ಊರಲ್ಲಿ ಸಾವು ಆಗಿದೆ ಅಂತ ತಿಳಿದರೆ ದಿನ ಬದಲಿಸಿ. ನಾಯಕರು ತೀರಿಕೊಂಡರೆ ಎಷ್ಟೋ ಕಡೆ ಸಮುದ್ರದ ಒಂದು ಭಾಗವನ್ನೇ 100 ದಿನ ಮುಚ್ಚುತ್ತಾರೆ. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ. ‘ಟಿಕೆಟ್ ಆಗಿಬಿಟ್ಟಿದೆ’ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಹಂತ 5: ಯಂಗೋನಾ ಕಟ್ಟು ಕೊಳ್ಳಿ, ನಗದು ತೆಗೆಯಿರಿ

ಹಳ್ಳಿಗೆ ಬರಿಗೈಲಿ ಹೋಗುವ ಹಾಗಿಲ್ಲ. ತಗೊಂಡು ಹೋಗಬೇಕಾದ್ದು ಯಂಗೋನಾ, ಹೊರಗಿನವರು ಕಾವಾ ಎನ್ನುವ ಗಿಡದ ಬೇರು. ನಮ್ಮ ಕರಿಮೆಣಸು, ವೀಳ್ಯದೆಲೆಗಳ ಕುಟುಂಬಕ್ಕೇ ಸೇರಿದ ಗಿಡ ಇದು. ನಾಂದಿ ಮಾರುಕಟ್ಟೆಯಲ್ಲೂ, ತವೆಯುನಿಯ ಅಂಗಡಿಬೀದಿ ನಂಗಾರಾದಲ್ಲೂ ಸಿಗುತ್ತದೆ.

ಕೊಳ್ಳುವಾಗ ಎರಡು ವಿಷಯ. ಒಂದು, ಪುಡಿ ಬೇಡ, ಬೇರಿನ ಕಟ್ಟು ಕೇಳಿ. ಪುಡಿ ಕುಡಿಯುವವರಿಗೆ, ಒಪ್ಪಿಸಲಿಕ್ಕೆ ಒಣಗಿದ ಇಡೀ ಬೇರು. ಎರಡು, ‘ಸೆವುಸೆವುಗೆ ಬೇಕು’ ಅಂತ ಹೇಳಿ (ಬೇರು ಒಪ್ಪಿಸಿ ಊರಿನ ಒಪ್ಪಿಗೆ ಪಡೆಯುವ ಪದ್ಧತಿ, ಹಂತ 8 ನೋಡಿ). ಅಂಗಡಿಯವರೇ ಸರಿಯಾದ ಬೇರು ಆರಿಸಿ, ಉದ್ದುದ್ದ ಜೋಡಿಸಿ, ಕಾಗದ ಸುತ್ತಿ, ದಾರ ಬಿಗಿದು ಕೊಡುತ್ತಾರೆ. ಒಂದು ಕುಟುಂಬಕ್ಕೆ ಅರ್ಧ ಕೆಜಿಯ ಕಟ್ಟು ಸಾಕು. ಬೆಲೆ ಕಮ್ಮಿಯೇನಲ್ಲ, ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ವಾಪಸ್ ಹೊರಡುವಾಗ ಕೊಡಲು ಇನ್ನೊಂದು ಚಿಕ್ಕ ಕಟ್ಟು ಇದ್ದರೆ ಒಳ್ಳೆಯದು. ಎರಡು ಹಳ್ಳಿಯಲ್ಲಿ ಉಳಿಯುವುದಾದರೆ ಎರಡು ಕಟ್ಟು ಬೇರೆ ಬೇರೆ ಬೇಕು.

ಅತಿಥೇಯರ ಮನೆಗೆ ಸಕ್ಕರೆ, ಅಕ್ಕಿ, ಟೀ ಪುಡಿ, ಬ್ರೆಡ್ ತಗೊಳ್ಳಿ. ಊರಿನ ಮಕ್ಕಳಿಗೆ ಚಾಕಲೇಟು ಹಂಚುವ ಅಭ್ಯಾಸ ದಯವಿಟ್ಟು ಬೇಡ. ಎರಡೇ ದಿನದಲ್ಲಿ ಮಕ್ಕಳು ಬಂದವರ ಮುಂದೆಲ್ಲ ಕೈಚಾಚಲು ಕಲಿಯುತ್ತಾರೆ, ಬೈಗುಳ ತಿನ್ನುವುದು ಅವರ ಅಮ್ಮಂದಿರು. ಕೊಡಲೇಬೇಕೆಂದರೆ ನೋಟ್‌ಬುಕ್ಕು, ಪೆನ್ಸಿಲ್ಲು ತಂದು ಮುಖ್ಯಸ್ಥರ ಕೈಗೋ ಶಾಲೆಗೋ ಕೊಡಿ.

ಎಟಿಎಂ ಇರುವುದು ನಂಗಾರಾದಲ್ಲಿ. ಪೂರ್ವ ದಂಡೆಯಲ್ಲಿ ಕಾರ್ಡು ಉಜ್ಜುವ ಕನಸು ಬೇಡ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ತೆಗೆದು, ಅಂಗಡಿಯಲ್ಲಿ ಚಿಲ್ಲರೆ ನೋಟು ಮಾಡಿಸಿಕೊಳ್ಳಿ. ನಂಗಾರಾದ ದಕ್ಷಿಣಕ್ಕೆ, ವೈಯೆವೊ ಬಳಿ, 180 ಡಿಗ್ರಿ ರೇಖಾಂಶದ ಫಲಕ ಇದೆ. ಆ ಕಡೆ ನಿನ್ನೆ, ಈ ಕಡೆ ಇವತ್ತು ಅಂತ ತಮಾಷೆ ಮಾಡುತ್ತಾರೆ. ದಿನಾಂಕ ರೇಖೆಯನ್ನು ಫಿಜಿಯ ಪೂರ್ವಕ್ಕೆ ಬಾಗಿಸಿದ್ದಾರೆ, ಇಡೀ ದ್ವೀಪದಲ್ಲಿ ಒಂದೇ ದಿನಾಂಕ. ಫೋಟೊ ತೆಗೆಸಿಕೊಳ್ಳಿ, ಗಡಿಯಾರ ಮುಟ್ಟಬೇಡಿ.

ಹಂತ 6: ಬಸ್ಸೋ ಟ್ಯಾಕ್ಸಿಯೋ

ಪಶ್ಚಿಮ ದಂಡೆಯಿಂದ ಮತೇಯಿ ಸುತ್ತಿ ಬೌಮಾ, ಲವೇನಾಗೆ ಬಸ್ ಹೋಗುತ್ತದೆ. ದಿನಕ್ಕೆ ಕೆಲವೇ ಸಲ. ಸಂಜೆ ಹೋದ ಬಸ್ಸು ನಮ್ಮ ಮಲೆನಾಡಿನ ನೈಟ್ ಹಾಲ್ಟ್ ಬಸ್ಸಿನ ಹಾಗೆ ಲವೇನಾದಲ್ಲೇ ಮಲಗಿ, ಬೆಳಗಿನ ಜಾವ ಹೊರಡುತ್ತದೆ. ಅಂದರೆ ಸಂಜೆ ಬಸ್ಸಿನಲ್ಲಿ ಹೋಗಿ ಅದೇ ದಿನ ವಾಪಸ್ ಬರಲು ಆಗುವುದಿಲ್ಲ. ಸಮಯವನ್ನು ಹಿಂದಿನ ದಿನವೇ ಡ್ರೈವರ್ ಹತ್ತಿರ ಕೇಳಿ. ಗೋಡೆಗೆ ಅಂಟಿಸಿದ ಪಟ್ಟಿಗಿಂತ ಅವರ ಬಾಯಿಮಾತು ಗಟ್ಟಿ.

ನಾಲ್ಕು ಜನ ಇದ್ದರೆ ಟ್ಯಾಕ್ಸಿ ಮಾಡಿ. ಹೊರಡುವ ಮುಂಚೆ ದರ ಮಾತಾಡಿ, ವಾಪಸ್ ಕರೆದುಕೊಂಡು ಹೋಗುವ ದಿನವನ್ನೂ ಆಗಲೇ ಹೇಳಿ. ಹಗಲಿನಲ್ಲೇ ಹಳ್ಳಿ ತಲುಪಬೇಕು. ಕತ್ತಲಾದ ಮೇಲೆ ಗುರುತಿಲ್ಲದವರು ಊರೊಳಗೆ ಬರುವುದನ್ನು ಯಾವ ಹಳ್ಳಿಯವರೂ ಇಷ್ಟಪಡುವುದಿಲ್ಲ.

ಹಂತ 7: ಊರ ಗಡಿಯಲ್ಲಿ ನಿಲ್ಲಿ

ಬಸ್ಸಿನಿಂದ ಇಳಿದ ತಕ್ಷಣ ಈ ಕೆಲಸಗಳು, ಇದೇ ಕ್ರಮದಲ್ಲಿ. ಟೋಪಿ ತೆಗೆಯಿರಿ. ಕಪ್ಪು ಕನ್ನಡಕ ತೆಗೆಯಿರಿ. ಪ್ಯಾಂಟಿನ ಮೇಲೇ ಸುಲು ಸುತ್ತಿಕೊಳ್ಳಿ. ಬೆನ್ನಿನ ಬ್ಯಾಗನ್ನು ಇಳಿಸಿ ಕೈಯಲ್ಲಿ ಹಿಡಿದುಕೊಳ್ಳಿ, ಊರೊಳಗೆ ಹೆಗಲ ಮೇಲೆ ಹೊರೆ ಇಟ್ಟು ನಡೆಯುವುದು ಮರ್ಯಾದೆ ಅಲ್ಲ. ಫೋನು ಜೇಬಿಗೆ.

ಆಮೇಲೆ ಮೊದಲು ಸಿಕ್ಕವರಿಗೆ ‘ಬುಲಾ’ (ನಮಸ್ಕಾರ) ಅನ್ನಿ, ನಿಮ್ಮ ಅತಿಥೇಯರ ಹೆಸರು ಹೇಳಿ, ಅವರು ಬರುವ ತನಕ ಅಲ್ಲೇ ನಿಲ್ಲಿ. ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ಭಾಷೆಯ ಭಯ ಬೇಡ. ನಿಂತ ಆ ಹತ್ತು ನಿಮಿಷದಲ್ಲಿ ಸುಮ್ನೆ ಒಂದು ಸುತ್ತು ಹಾಕಿ ಬರೋಣ ಅನ್ನಿಸುತ್ತದೆ. ಮೊದಲ ತಪ್ಪು ಆಗುವುದೇ ಅಲ್ಲಿ.

ಒಂದು ವಿನಾಯಿತಿ ಇದೆ. ಕೊರೊವೌದ ತವೋರೊ ಜಲಪಾತ, ಲವೇನಾದ ಕರಾವಳಿ ನಡಿಗೆ, ವೈತಾಬುವಿನ ಸಮುದ್ರ ಉದ್ಯಾನ ಇವುಗಳನ್ನು ಹಳ್ಳಿಗಳೇ ನಡೆಸುತ್ತವೆ. ಅವನ್ನು ನೋಡಿ ಹೊರಡುವವರು ಅಲ್ಲಿನ ಶುಲ್ಕ ಕಟ್ಟಿದರೆ ಸಾಕು, ಯಂಗೋನಾ ಬೇಕಿಲ್ಲ. ಆದರೆ ಆ ಚೀಟಿ ಜಲಪಾತಕ್ಕೆ ಮಾತ್ರ. ಅದನ್ನು ಹಿಡಿದುಕೊಂಡು ಮನೆಗಳ ನಡುವೆ ಕ್ಯಾಮೆರಾ ತೂಗುಹಾಕಿಕೊಂಡು ತಿರುಗುವ ಹಾಗಿಲ್ಲ.

ಹಂತ 8: ಸೆವುಸೆವು

ಹೊರಗಿನವರು ತಾವು ಬಂದದ್ದನ್ನು ಹೇಳಿಕೊಂಡು, ಯಂಗೋನಾ ಒಪ್ಪಿಸಿ, ಊರಿನ ಒಪ್ಪಿಗೆ ಪಡೆಯುವ ಪದ್ಧತಿ ಇದು. ಪ್ರವಾಸಿಗರಿಗಾಗಿ ಮಾಡಿದ ಆಟವಲ್ಲ. ಬೇರೆ ಹಳ್ಳಿಯ ಫಿಜಿಯವರು ಬಂದರೂ ಹೀಗೇ ಮಾಡುತ್ತಾರೆ.

ಅತಿಥೇಯರು ಕರೆದೊಯ್ದ ಮನೆಗೆ, ಚಪ್ಪಲಿ ಹೊರಗೆ ಬಿಟ್ಟು, ಸ್ವಲ್ಪ ಬಗ್ಗಿ ಒಳಗೆ ಹೋಗಿ. ಚಾಪೆಯ ಮೇಲೆ ತೋರಿಸಿದ ಕಡೆ ಮಾತ್ರ ಕೂತುಕೊಳ್ಳಿ, ಮನೆಯೊಳಗಿನ ಗೌರವದ ಜಾಗ ಹಿರಿಯರದು. ಗಂಡಸರು ಚಕ್ಕಂಬಟ್ಲೆ ಹಾಕಿ, ಹೆಂಗಸರು ಕಾಲು ಒಂದು ಪಕ್ಕಕ್ಕೆ ಮಡಚಿ ಕೂರುತ್ತಾರೆ. ಅರ್ಧ ಗಂಟೆಗೂ ಮೀರಿ ಕೂರಬೇಕಾಗಬಹುದು. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಮೊದಲೇ ಹೇಳಿ, ಗೋಡೆಗೆ ಒರಗುವ ಜಾಗ ಮಾಡಿಕೊಡುತ್ತಾರೆ. ಕಾಲು ಚಾಚಲೇಬೇಕಾದರೆ ಪಾದ ಮುಂದಿರುವ ಮರದ ಬೋಗುಣಿಯ ಕಡೆ ತಿರುಗದಿರಲಿ. ಆ ಬೋಗುಣಿಯ ಹೆಸರು ತಾನೋವಾ.

ಕಟ್ಟನ್ನು ಎರಡೂ ಕೈಯಲ್ಲಿ ಹಿರಿಯರ ಮುಂದೆ ಚಾಪೆಯ ಮೇಲೆ ಇಡಿ. ಕೈಗೆ ಕೊಡಬೇಡಿ. ನಿಮ್ಮ ಪರವಾಗಿ ಅತಿಥೇಯರು ಮಾತಾಡುತ್ತಾರೆ: ಯಾರು, ಎಲ್ಲಿಂದ, ಯಾಕೆ ಬಂದರು. ನಿಮ್ಮನ್ನೇ ಮಾತಾಡಿ ಅಂದರೆ ಎರಡು ವಾಕ್ಯ ಸಾಕು. ಆ ಕಡೆಯ ಹಿರಿಯರು ಕಟ್ಟನ್ನು ಮುಟ್ಟಿ ಎತ್ತಿಕೊಂಡು, ತಗ್ಗಿದ ದನಿಯಲ್ಲಿ ಉದ್ದಕ್ಕೆ ಏನೋ ಹೇಳುತ್ತಾ ಹೋಗುತ್ತಾರೆ. ನಡುನಡುವೆ ಉಳಿದವರ ಚಪ್ಪಾಳೆ, ಅಂಗೈ ಬೊಗಸೆ ಮಾಡಿ ತಟ್ಟುವ ಗಡುಸು ಸದ್ದು. ಅಷ್ಟಾದರೆ ಒಪ್ಪಿಗೆ ಸಿಕ್ಕಿತು.

ನಂತರ ಪಾನ. ಪುಡಿ ಮಾಡಿದ ಬೇರನ್ನು ಬಟ್ಟೆಯಲ್ಲಿ ಕಟ್ಟಿ, ತಾನೋವಾದ ನೀರಿನಲ್ಲಿ ಹಿಂಡುತ್ತಾರೆ. ಮಣ್ಣುನೀರಿನ ಬಣ್ಣ. ತೆಂಗಿನ ಚಿಪ್ಪಿನ ಬಟ್ಟಲಲ್ಲಿ ನಿಮ್ಮ ಮುಂದೆ ಬರುತ್ತದೆ. ಒಮ್ಮೆ ಚಪ್ಪಾಳೆ ತಟ್ಟಿ, ‘ಬುಲಾ’ ಅಂದು, ಎರಡೂ ಕೈಯಲ್ಲಿ ತಗೊಂಡು ಒಂದೇ ಉಸಿರಿಗೆ ಕುಡಿಯಿರಿ. ಬಟ್ಟಲು ವಾಪಸ್ ಕೊಟ್ಟು ಮೂರು ಸಲ ಚಪ್ಪಾಳೆ. ಕಹಿ, ಸ್ವಲ್ಪ ಖಾರ, ತುಟಿ ನಾಲಿಗೆ ಜೋಮು ಹಿಡಿಯುತ್ತದೆ. ಕಡಿಮೆ ಬೇಕೆಂದರೆ ‘ಲೋ ಟೈಡ್’ ಅನ್ನಿ, ಅರ್ಧ ಬಟ್ಟಲೇ ಬರುತ್ತದೆ. ಈ ಇಂಗ್ಲಿಷ್ ಮಾತು ಅಲ್ಲಿ ಎಲ್ಲರಿಗೂ ಗೊತ್ತು.

ಮೊದಲ ಬಟ್ಟಲನ್ನು ಬೇಡ ಅನ್ನದಿರುವುದು ಒಳ್ಳೆಯದು. ಆದರೆ ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ನಿದ್ದೆ ಮಾತ್ರೆ ಅಥವಾ ಮನಸ್ಸಿನ ಕಾಯಿಲೆಯ ಔಷಧಿ ತಗೊಳ್ಳುವವರು ಕುಡಿಯಬಾರದು. ಅತಿಥೇಯರಿಗೆ ಮೊದಲೇ ಹೇಳಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ಇದರ ಜೊತೆ ಹೆಂಡ ಬೆರೆಸಬೇಡಿ, ಕುಡಿದ ಮೇಲೆ ಈಜಲು ಇಳಿಯಬೇಡಿ.

ಸಾಮಾನ್ಯ ತಪ್ಪುಗಳು: ಮಧ್ಯದಲ್ಲಿ ಎದ್ದು ವಿಡಿಯೊ ಮಾಡುವುದು. ಕೂತವರ ಮುಂದೆ ನೆಟ್ಟಗೆ ನಡೆದು ಹೋಗುವುದು (ಬಗ್ಗಿ, ‘ತುಲೊವು’, ಅಂದರೆ ‘ಕ್ಷಮಿಸಿ’, ಅನ್ನುತ್ತಾ ಹಿಂದಿನಿಂದ ಹೋಗಿ). ಮುದ್ದಿಗೆ ಅಂತ ಮಗುವಿನ ತಲೆ ಸವರುವುದು. ನಮ್ಮಲ್ಲಿ ತಲೆ ಮುಟ್ಟಿದರೆ ಆಶೀರ್ವಾದ, ಅಲ್ಲಿ ಅಗೌರವ. ಕೈ ತಾನಾಗಿಯೇ ಹೋಗಿಬಿಡುತ್ತದೆ, ಹುಷಾರು.

ಹಂತ 9: ಊಟ, ಸ್ನಾನ, ಮಲಗುವುದು

ಸಸ್ಯಾಹಾರಿಗಳೇ, ‘ವೆಜಿಟೇರಿಯನ್’ ಅಂದು ಸುಮ್ಮನಾಗಬೇಡಿ. ಮಾಂಸ ಬೇಡ ಅಂದರೆ ಮೀನು ಬರುತ್ತದೆ, ಮೀನು ಬೇಡ ಅಂದರೆ ಡಬ್ಬಿ ಮೀನು ಬರಬಹುದು. ಮಾಂಸ, ಕೋಳಿ, ಮೀನು, ಡಬ್ಬಿ ಮಾಂಸ, ಡಬ್ಬಿ ಮೀನು ಯಾವುದೂ ಬೇಡ ಅಂತ ಒಂದೊಂದಾಗಿ ಹೇಳಿ, ಅದೂ ಫೋನಿನಲ್ಲೇ.

ಹೇಳಿದರೆ ಊಟಕ್ಕೆ ಕೊರತೆ ಇಲ್ಲ. ದಾಲೊ ಅಂದರೆ ಕೆಸುವಿನ ಗೆಡ್ಡೆ. ಮರಗೆಣಸು, ಬ್ರೆಡ್‌ಫ್ರೂಟ್ ಎಂಬ ದೀವಿಹಲಸು ಧಾರಾಳ. ರೌರೌ ಅಂದರೆ ಕೆಸುವಿನ ಸೊಪ್ಪು, ತೆಂಗಿನ ಹಾಲಿನಲ್ಲಿ ಬೇಯಿಸಿದ್ದು. ಪತ್ರೊಡೆ ತಿಂದು ಬೆಳೆದ ಕರಾವಳಿಯವರಿಗೆ ಇದು ನೆಂಟರ ಮನೆಯ ಊಟ. ಪಾಲುಸಾಮಿ ಎಂಬುದು ಅದೇ ಎಲೆಯಲ್ಲಿ ತೆಂಗಿನ ಹಾಲು, ಈರುಳ್ಳಿ ಕಟ್ಟಿ ಬೇಯಿಸಿದ್ದು. ಒಳಗೆ ಡಬ್ಬಿ ಮಾಂಸ ಸೇರಿಸುವವರೂ ಇದ್ದಾರೆ, ಕೇಳಿಯೇ ತಿನ್ನಿ. ಖಾರ ಬೇಕೆಂದರೆ ನಾಂದಿಯಿಂದ ತಂದ ಮೆಣಸಿನಕಾಯಿ ಕೈಹಿಡಿಯುತ್ತದೆ.

ತಟ್ಟೆ ಬಂದ ತಕ್ಷಣ ಕೈಹಾಕಬೇಡಿ, ಪ್ರಾರ್ಥನೆ ಮುಗಿಯಲಿ. ಅತಿಥಿಗಳಿಗೆ ಮೊದಲು ಬಡಿಸಿ ಮನೆಯವರು ಆಮೇಲೆ ಉಣ್ಣುವುದೂ ಉಂಟು. ಪಾತ್ರೆಯಲ್ಲಿರುವುದನ್ನೆಲ್ಲ ಖಾಲಿ ಮಾಡುವ ಮುಂಚೆ ಇದು ನೆನಪಿರಲಿ. ಮನೆಯ ಯಾವುದೋ ಚಾಪೆಯನ್ನೋ ಬೀಸಣಿಗೆಯನ್ನೋ ‘ಎಷ್ಟು ಚೆನ್ನಾಗಿದೆ’ ಅಂತ ಮತ್ತೆ ಮತ್ತೆ ಹೊಗಳಿದರೆ ಅದನ್ನು ನಿಮಗೇ ಕೊಟ್ಟುಬಿಡುವ ಒತ್ತಾಯಕ್ಕೆ ಅವರು ಬೀಳುತ್ತಾರೆ.

ಕುಡಿಯುವ ನೀರು ಕುದಿಸಿದ್ದೇ ಇರಲಿ, ಮಳೆ ಹೊಯ್ದ ಮೇಲಂತೂ ಖಂಡಿತ. ಟೈಫಾಯ್ಡ್, ಇಲಿಜ್ವರ ಎರಡೂ ಅಲ್ಲಿವೆ. ಕಾಲಿನಲ್ಲಿ ಗಾಯ ಇದ್ದಾಗ ಕೆಸರುನೀರಿನಲ್ಲಿ ನಡೆಯಬೇಡಿ. ಬಯಲು ನಲ್ಲಿಯಲ್ಲಿ ಸ್ನಾನ ಮಾಡುವುದಾದರೆ ಸುಲು ಉಟ್ಟೇ ಮಾಡಿ.

ಹಂತ 10: ಜಲಪಾತ ಮತ್ತು ಕರಾವಳಿ ನಡಿಗೆ

ತವೋರೊದಲ್ಲಿ ಮೂರು ಜಲಪಾತಗಳು. ಮೊದಲನೆಯದು ಸುಮಾರು 24 ಮೀಟರ್ ಎತ್ತರ, ಹತ್ತು ಹದಿನೈದು ನಿಮಿಷದ ಸಮತಟ್ಟು ದಾರಿ, ಅಜ್ಜಿ ಮೊಮ್ಮಗು ಎಲ್ಲರೂ ಹೋಗಬಹುದು. ಎರಡನೆಯದಕ್ಕೆ ಅಲ್ಲಿಂದ ಅರ್ಧ ಗಂಟೆ ಹತ್ತಬೇಕು, ನಡುವೆ ಹೊಳೆ ದಾಟಬೇಕು. ಮೂರನೆಯದರ ದಾರಿ ಕೆಸರು, ಜಾರಿಕೆ. ಮಳೆ ಬಂದಿದ್ದರೆ ಮೊದಲನೆಯದಕ್ಕೇ ತೃಪ್ತಿಪಡಿ.

ಲವೇನಾ ನಡಿಗೆ ಬೇರೆ ಥರ. ಊರಿನಿಂದ ಸಮುದ್ರದ ಅಂಚಿನಲ್ಲೇ ಸುಮಾರು 5 ಕಿಮೀ. ಒಂದು ಕಡೆ ಕಾಡು, ಇನ್ನೊಂದು ಕಡೆ ಕಪ್ಪು ಕಲ್ಲು. ಕೊನೆಯಲ್ಲಿ ದಾರಿ ಹೊಳೆಯ ಪಾತ್ರ ಹಿಡಿದು ಒಳಕ್ಕೆ ತಿರುಗುತ್ತದೆ. ವೈನಿಬಾವ್ ಜಲಪಾತ ಹತ್ತಿರದಿಂದ ನೋಡಬೇಕೆಂದರೆ ಎರಡು ಬಂಡೆಗಳ ಮಧ್ಯೆ ನೀರಿನಲ್ಲಿ ನಡೆದು, ಕಡೆಯ ಸ್ವಲ್ಪ ದೂರ ಈಜಬೇಕು. ಈಜು ಬಾರದವರು ಅಲ್ಲೇ ಬಂಡೆಯ ಮೇಲೆ ಕೂತು ಕಾಯಲಿ. ಬೆಳಿಗ್ಗೆ 8ರೊಳಗೆ ಹೊರಡಿ, ಊರಿನ ಗೈಡ್ ಒಬ್ಬರನ್ನು ಕರೆದುಕೊಳ್ಳಿ. ದುಡ್ಡು ಉಳಿಸುವ ಜಾಗ ಇದಲ್ಲ.

ಎಚ್ಚರಿಕೆಯ ಗುರುತುಗಳು:

- ತಿಳಿಯಾಗಿದ್ದ ನೀರು ಕಂದಾಗುವುದು, ಎಲೆ ಕಡ್ಡಿ ಒಟ್ಟಾಗಿ ತೇಲಿಬರುವುದು, ಸದ್ದು ದಪ್ಪವಾಗುವುದು. ನೀವಿರುವ ಕಡೆ ಬಿಸಿಲಿದ್ದರೂ ಮೇಲೆ ಬೆಟ್ಟದಲ್ಲಿ ಮಳೆ ಬಿದ್ದಿದೆ. ಆ ಕ್ಷಣವೇ ನೀರು ಬಿಟ್ಟು ದಡದ ಮೇಲಕ್ಕೆ ಹೋಗಿ. ಬಟ್ಟೆ, ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ.
- ದಂಡೆಯಲ್ಲಿ ನೆಟ್ಟ ಕೋಲು, ಅದಕ್ಕೆ ಕಟ್ಟಿದ ಗರಿ ಅಥವಾ ಬಟ್ಟೆ. ಅಲ್ಲಿಗೆ ಪ್ರವೇಶ ಇಲ್ಲ, ಅಥವಾ ಮೀನು, ಚಿಪ್ಪು ಮುಟ್ಟುವ ಹಾಗಿಲ್ಲ.
- ಕಪ್ಪು, ನೀಲಿ ಬೂದು ಪಟ್ಟೆಯ ಸಮುದ್ರ ಹಾವು ಬಂಡೆಯ ಮೇಲೆ ಮಲಗಿರುವುದು. ವಿಷ ಜೋರು, ಸ್ವಭಾವ ಸಾಧು. ಕೆಣಕದಿದ್ದರೆ ತೊಂದರೆ ಇಲ್ಲ. ಊರ ಹುಡುಗರು ಎತ್ತಿ ತೋರಿಸಿದರೂ ನೀವು ಕೈಹಾಕಬೇಡಿ.
- ಗೈಡ್ ‘ಇವತ್ತು ಬೇಡ’ ಅನ್ನುವುದು. ಚೌಕಾಸಿ ಮಾಡಬೇಡಿ.

ಊರು ಕಾಣುವ ಬೀಚಿನಲ್ಲಿ ಟೀ ಶರ್ಟು, ಚಡ್ಡಿಯಲ್ಲೇ ಈಜಿ. ಜನರ ಫೋಟೊಗೆ ಕೇಳಿಯೇ ಕ್ಲಿಕ್ ಮಾಡಿ. ಡ್ರೋನ್ ಹಾರಿಸಬೇಕೆಂದಿದ್ದರೆ ಅದನ್ನು ಮುಖ್ಯಸ್ಥರಿಗೆ ಸೆವುಸೆವು ದಿನವೇ ಹೇಳಬೇಕು.

ಹಂತ 11: ಹೊರಡುವುದು

ಹೇಳದೆ ಬೆಳಗಿನ ಬಸ್ಸು ಹತ್ತಬೇಡಿ. ಹಿಂದಿನ ಸಂಜೆಯೇ ಮುಖ್ಯಸ್ಥರನ್ನು ಕಂಡು, ಆ ಚಿಕ್ಕ ಕಟ್ಟು ಇಟ್ಟು, ಹೊರಡುತ್ತೇವೆ ಅಂತ ಹೇಳಿ. ಬಂದಾಗ ಕೇಳಿದ ಹಾಗೆ ಹೋಗುವಾಗಲೂ ಕೇಳಿಕೊಂಡೇ ಹೋಗುವುದು ಪದ್ಧತಿ. ಮನೆಯವರಿಗೆ ಕೊಡುವ ದುಡ್ಡನ್ನು ಕವರಿನಲ್ಲಿಟ್ಟು, ಒಬ್ಬರೇ ಇದ್ದಾಗ ಕೊಡಿ. ‘ವಿನಾಕಾ ವಾಕಲೆವು’ ಅನ್ನಿ, ತುಂಬಾ ಥ್ಯಾಂಕ್ಸ್ ಅಂತ.

ಮತೇಯಿಯಿಂದ ನಾಂದಿಗೆ ಬರುವ ದಿನವೇ ಸಿಂಗಾಪುರದ ವಿಮಾನ ಹತ್ತುವ ಯೋಜನೆ ಹಾಕಿಕೊಳ್ಳಬೇಡಿ. ಮೋಡ ಕವಿದರೆ ಚಿಕ್ಕ ವಿಮಾನ ನಿಲ್ಲುತ್ತದೆ. ಎರಡು ಟಿಕೆಟ್ ಬೇರೆ ಬೇರೆ ಕೊಂಡಿದ್ದರೆ ದೊಡ್ಡ ವಿಮಾನದವರಿಗೆ ಅದು ಸಂಬಂಧವಿಲ್ಲ. ನಾಂದಿಯಲ್ಲಿ ಒಂದು ಇಡೀ ದಿನ ಕೈಯಲ್ಲಿಟ್ಟುಕೊಳ್ಳಿ. ಮಳೆಗಾಲದಲ್ಲಿ ಎರಡು. ಆ ದಿನ ಪೇಟೆಯಲ್ಲಿ ಯಾರಾದರೂ ನಿಮ್ಮ ಹೆಸರು ಕೇಳಿ ಮರದ ಕತ್ತಿಯ ಮೇಲೆ ಕೆತ್ತಲು ಶುರುಮಾಡಿದರೆ ಕೈಮುಗಿದು ಮುಂದೆ ನಡೆಯಿರಿ, ಕೆತ್ತಿದ ಮೇಲೆ ದುಡ್ಡಿಗೆ ಪಟ್ಟು ಹಿಡಿಯುತ್ತಾರೆ.

ಹವಳ, ದೊಡ್ಡ ಚಿಪ್ಪು, ತಿಮಿಂಗಿಲದ ಹಲ್ಲು ಕೊಳ್ಳಬೇಡಿ. ಪರವಾನಗಿ ಇಲ್ಲದೆ ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಆಸ್ಟ್ರೇಲಿಯಾಕ್ಕೆ ಮರಳುವ ನಮ್ಮವರು 18 ವರ್ಷ ಮೇಲ್ಪಟ್ಟಿದ್ದರೆ ತಲಾ 4 ಕೆಜಿವರೆಗೆ ಯಂಗೋನಾವನ್ನು ಸ್ವಂತ ಬಳಕೆಗೆ ಒಯ್ಯಬಹುದು. ಅದನ್ನೂ ಅರ್ಜಿಯಲ್ಲಿ ಬರೆದೇ ತೋರಿಸಬೇಕು.